ಊರಿನ ಕಾಲು

ಅಕ್ಕ ಅವತ್ತು ನನ್ನ ಕಾಲನ್ನು ಒದ್ದಳೋ ಇಲ್ಲವೋ ನನಗೆ ಖಚಿತವಿಲ್ಲ. ಒದ್ದಳು ಎಂದುಕೊಂಡರೆ ಅವಳ ಕಾಲುಗೆಜ್ಜೆ ನನ್ನ ಊದಿದ ಪಾದದ ಗಿಣ್ಣಿಗೆ ತಣ್ಣಗೆ ತಾಗಿದ್ದು ನೆನಪಾಗುತ್ತದೆ. ಒದೆಯಲಿಲ್ಲ ಎಂದುಕೊಂಡರೆ ಅದೇ ತಂಪು ಒದ್ದೆ ಬಟ್ಟೆಯದಾಗಿಬಿಡುತ್ತದೆ. ಎರಡೂ ಅಷ್ಟೇ ಸ್ಪಷ್ಟವಾಗಿವೆ, ಹಾಗಾಗಿ ಎರಡರ ಮೇಲೂ ನನಗೆ ಅನುಮಾನ. ಕಾಲೇಜಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಸಂಖ್ಯಾಶಾಸ್ತ್ರ ಪಾಠ ಮಾಡಿದವನು ನಾನು. ಒಬ್ಬನೇ ಸಾಕ್ಷಿ, ಅವನಿಗೆ ಹನ್ನೆರಡು ವರ್ಷ, ಸಾಲದ್ದಕ್ಕೆ ನೋವಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದ. ಇಂಥ ಪುರಾವೆಯನ್ನು ಯಾವ ವಿದ್ಯಾರ್ಥಿ ತಂದಿದ್ದರೂ ನಾನು ವಾಪಸು ಕಳಿಸುತ್ತಿದ್ದೆ. ಆದರೂ ಬರೆಯುತ್ತಿದ್ದೇನೆ. ನನ್ನೊಳಗೆ ಇವತ್ತಿಗೂ ಯಾರ ಮಾತನ್ನೂ ಹಾಗೆಯೇ ಒಪ್ಪದ ಒಬ್ಬ ಜಗಳಗಂಟ ಇದ್ದಾನಲ್ಲ, ಅವನು ಎದ್ದು ನಿಂತದ್ದು ಆ ಕಾಲಿನ ಮೇಲೆಯೇ.

ನಮ್ಮ ಮನೆ ಇದ್ದದ್ದು ಜರಗನಹಳ್ಳಿಯಲ್ಲಿ. ಕನಕಪುರ ರಸ್ತೆಯಲ್ಲಿ ಬಸ್ಸಿಳಿದು ಎರಡು ರಾಗಿ ಹೊಲ ದಾಟಿದರೆ ಮನೆಯ ಕಲ್ಲಿನ ಜಗಲಿ ಕಾಣುತ್ತಿತ್ತು. ಒಳಗೆ ಹಗಲಲ್ಲೂ ಮಬ್ಬಾಗಿರುವ ನಡುಮನೆ, ಒಂದು ಪಕ್ಕಕ್ಕೆ ಅಡುಗೆಮನೆ, ಹಿಂದೆ ಕೊಟ್ಟಿಗೆ. ಕೊಟ್ಟಿಗೆಯ ಗೋಡೆಗೆ ಅಂಟಿಕೊಂಡೇ ಗರಡಿಮನೆಯಿತ್ತು. ಚಿಕ್ಕಪ್ಪ ಅಲ್ಲಿ ಊರಿನ ಹುಡುಗರಿಗೆ ಸಾಮು ಮಾಡಿಸುತ್ತಿದ್ದ, ಕುಸ್ತಿ ಕಲಿಸುತ್ತಿದ್ದ. ಆಚೆ ಜಯನಗರದ ಸೈಟುಗಳಿಗೆ ಕಲ್ಲು ನೆಡುತ್ತಿದ್ದ ಕಾಲ ಅದು. ನಮ್ಮ ಊರಿನವರು ಆ ಕಲ್ಲುಗಳನ್ನು ದನ ಕಟ್ಟುವುದಕ್ಕೆ ಬಳಸುತ್ತಿದ್ದರು. ಅಪ್ಪ ಸೊಪ್ಪು ತರಕಾರಿ ಬೆಳೆದು ಗಾಡಿಯಲ್ಲಿ ಪೇಟೆಗೆ ಒಯ್ಯುತ್ತಿದ್ದ. ಮನೆಯ ಜಗಳಗಳಲ್ಲಿ ಅವನ ಪಾಲು ಕೆಮ್ಮುವುದಷ್ಟೇ. ಜಗಳಗಳೇನು ಕಡಿಮೆಯಿರಲಿಲ್ಲ. ಎರಡು ಹಸುವಿನ ಹಾಲು ಮೊದಲು ಚಿಕ್ಕಪ್ಪನ ಚೊಂಬಿಗೆ, ಆಮೇಲೆ ನನ್ನ ಲೋಟಕ್ಕೆ, ಉಳಿದರೆ ಮಜ್ಜಿಗೆಗೆ. ನನಗಿಂತ ಮೂರು ವರ್ಷ ದೊಡ್ಡವಳಾದ ಅಕ್ಕನಿಗೆ ಮಜ್ಜಿಗೆ. ಅವ್ವ ಇದನ್ನು ಎತ್ತಿದಾಗೆಲ್ಲ ಅಜ್ಜಿ ಮುದ್ದೆ ತಿರುವುವ ಕೋಲನ್ನು ಪಾತ್ರೆಯ ಅಂಚಿಗೆ ಎರಡು ಸಲ ಕುಟ್ಟುತ್ತಿದ್ದಳು. ಅಲ್ಲಿಗೆ ಆ ಮಾತು ಮುಗಿಯಿತು ಎಂದು ಅರ್ಥ.

ಗರಡಿಯಲ್ಲಿ ಮಟ್ಟಿ ಎಂದರೆ ಕುಸ್ತಿಯಾಡುವ ಕೆಮ್ಮಣ್ಣಿನ ಹೊಂಡ. ಚಿಕ್ಕಪ್ಪ ಮಾತು ಕಡಿಮೆಯ ಮನುಷ್ಯ, ಆದರೆ ಆ ಹೊಂಡದ ವಿಷಯದಲ್ಲಿ ಮಡಿವಂತ. ದಿನಾ ಬೆಳಿಗ್ಗೆ ಅದನ್ನು ಗುದ್ದಲಿಯಿಂದ ಅಗೆದು, ನೀರು ಚಿಮುಕಿಸಿ, ಹುಡುಗರನ್ನೆಲ್ಲ ಮಂಡಿಯೂರಿ ಕೂರಿಸಿ ಬೆರಳಾಡಿಸಿ ಕಲ್ಲು ಹುಡುಕಿಸುತ್ತಿದ್ದ. ಒಂದು ಕಡಲೆಗಾತ್ರದ ಕಲ್ಲು ಸಿಕ್ಕರೂ ಮತ್ತೆ ಮೊದಲಿಂದ. ಬೆವರು ಬಾರದೆ ಯಾರೂ ಯಾರ ಮೇಲೂ ಕೈ ಹಾಕುವಂತಿಲ್ಲ. ಬೆವರು ಬಂದ ಮೇಲೆ ಗಾಳಿಗೆ ಕೂರುವಂತಿಲ್ಲ. ಇವತ್ತು ಇಪ್ಪತ್ತು ಬಸ್ಕಿ ಹೊಡೆದವನು ನಾಳೆ ಇಪ್ಪತ್ತೆರಡು ಹೊಡೆಯಬಹುದು, ಇಪ್ಪತ್ಮೂರು ಕೂಡದು.

“ಮೈ ಅನ್ನೋದು ಹಸು ಇದ್ದಂಗೆ ಕಣ್ರೋ,” ಎನ್ನುತ್ತಿದ್ದ. “ದಿನಾ ಇಷ್ಟಿಷ್ಟೇ ಕರೆದ್ರೆ ಕೊಡ್ತದೆ. ಒಂದೇ ಸಲ ಎಲ್ಲಾ ಕೊಡು ಅಂದ್ರೆ ಒದೀತದೆ.”

ಇದನ್ನೆಲ್ಲ ನಾನು ಕೇಳಿಸಿಕೊಂಡದ್ದು ಗರಡಿಯ ಕಿಟಕಿಯ ಹೊರಗಿನಿಂದ. ನನಗೆ ಒಳಗೆ ಪ್ರವೇಶವಿರಲಿಲ್ಲ. ನಾನು ಕಾಲು ಮುಂದಾಗಿ ಹುಟ್ಟಿದ ಮಗು ಎಂದು ಊರೆಲ್ಲ ಹೆಸರಾಗಿತ್ತು. ಎಲ್ಲ ಮಕ್ಕಳೂ ತಲೆ ಮುಂದಾಗಿ ಭೂಮಿಗೆ ಬಂದರೆ ನಾನು ಪಾದ ಇಟ್ಟುಕೊಂಡು ಬಂದೆನಂತೆ. ಅಂಥವರು ಒದ್ದರೆ ಉಳುಕು ಹೋಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಹೊರೆ ಎತ್ತಿ ಸೊಂಟ ಹಿಡಿದುಕೊಂಡವರು, ಬಾವಿ ಸೇದಿ ಬೆನ್ನು ಚಳುಕಿಸಿಕೊಂಡವರು, ಎಲ್ಲರಿಗಿಂತ ಹೆಚ್ಚಾಗಿ ಗರಡಿಯ ಪೈಲ್ವಾನರು, ಬೆಳಗ್ಗೆ ಬಾಯಿ ತೊಳೆಯುವ ಮೊದಲೇ ನಮ್ಮ ಜಗಲಿಗೆ ಬಂದು ಬೋರಲು ಮಲಗುತ್ತಿದ್ದರು. ಅಜ್ಜಿ ನನ್ನನ್ನು ಹಾಸಿಗೆಯಿಂದ ಎಬ್ಬಿಸಿ ತಂದು ನಿಲ್ಲಿಸುತ್ತಿದ್ದಳು.

“ಬಲಗಾಲು ಕಣ್ಲಾ. ಮೂರು ಸಲ. ಬಾಯಿ ಬಿಡ್ಬೇಡ.”

ಮೂರು ಸಲ ಮೆಲ್ಲಗೆ ಒದೆಯುತ್ತಿದ್ದೆ. ಊರಿನ ಹಿರಿಯರನ್ನು ಒದೆಯುವ ಹಕ್ಕಿದ್ದದ್ದು ನನಗೊಬ್ಬನಿಗೇ. ಹಿರಿಯರಿಗೆ ಕಾಲು ತಾಗಿಸಿದ್ದು ಪಾಪವಾದ್ದರಿಂದ ಒದ್ದ ಮೇಲೆ ಅದೇ ಜಗಲಿಯಲ್ಲಿ ಅವರ ಪಾದಕ್ಕೆ ಬೀಳಬೇಕಿತ್ತು. ಹೀಗೆ ದಿನ ಶುರುವಾಗುವ ಹೊತ್ತಿಗೇ ನಾನು ದೇವರೂ ಆಗಿ ಅಪರಾಧಿಯೂ ಆಗಿ ಮುಗಿಸಿರುತ್ತಿದ್ದೆ. ಮೂರು ದಿನ ಬರಬೇಕು. ಮೂರನೇ ದಿನಕ್ಕೆ ಬಹುತೇಕ ಎಲ್ಲರಿಗೂ ಗುಣ. ಬಹುತೇಕ ಬೆನ್ನುಗಳು ಸುಮ್ಮನೆ ಬಿಟ್ಟರೂ ಕೆಲವು ದಿನದಲ್ಲಿ ತಮ್ಮಷ್ಟಕ್ಕೆ ತಾವೇ ಸಡಿಲವಾಗುತ್ತವೆ ಎಂದು ನನಗೆ ಆಗ ಯಾರೂ ಹೇಳಿರಲಿಲ್ಲ.

ನನಗೆ ಬೇಕಾಗಿದ್ದದ್ದು ಒಂದೇ: ಆ ಮಟ್ಟಿಗೆ ಇಳಿಯುವುದು. ಕೆಮ್ಮಣ್ಣು ಮೆತ್ತಿದ ಬೆನ್ನು, ತೊಡೆ ತಟ್ಟುವ ಸದ್ದು, ಎಲ್ಲ ಮುಗಿದ ಮೇಲೆ ಬಾವಿಕಟ್ಟೆಯಲ್ಲಿ ಹುಡುಗರು ಒಬ್ಬರ ಮೇಲೊಬ್ಬರು ನೀರು ಸುರಿದುಕೊಳ್ಳುವ ಗಲಾಟೆ, ಇದ್ಯಾವುದೂ ನನ್ನದಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಅಜ್ಜಿಯ ಕಾನೂನು ಅಲುಗಾಡುವಂಥದ್ದಲ್ಲ. ಗರಡಿ ಇಲ್ಲ, ಮರ ಹತ್ತುವುದಿಲ್ಲ, ಸ್ಕೂಲಿನ ಓಟದಲ್ಲಿ ನಿಲ್ಲುವುದಿಲ್ಲ.

“ಆ ಕಾಲು ನಿಂದಲ್ಲ ಕಣ್ಲಾ. ಊರಿಂದು. ಅದುಕ್ಕೇನಾದ್ರೂ ಆದ್ರೆ ಊರೋರಿಗೆ ಏನು ಹೇಳ್ಲಿ ನಾನು?”

ಗರಡಿಯಲ್ಲಿ ಕೆಂಚಣ್ಣ ಎಂಬೊಬ್ಬನಿದ್ದ. ಎತ್ತಿನ ಕುತ್ತಿಗೆ, ಮಗುವಿನ ಬುದ್ಧಿ. ಚಿಕ್ಕಪ್ಪನ ಶಿಷ್ಯರಲ್ಲೇ ಗಟ್ಟಿಗ, ಆದರೆ ಬೆನ್ನು ಮಾತ್ರ ತಿಂಗಳಿಗೊಮ್ಮೆ ಹಿಡಿದುಕೊಳ್ಳುತ್ತಿತ್ತು. ಜಗಲಿಯ ಮೇಲೆ ಬೋರಲು ಬಿದ್ದಾಗ “ಅಪ್ಪಾ ದೇವ್ರೇ” ಎಂದು ನರಳುವವನು, ಗುಣವಾದ ಮರುದಿನವೇ ಕಿಟಕಿಯ ಹೊರಗೆ ನಿಂತ ನನ್ನನ್ನು ನೋಡಿ ಕೂಗುತ್ತಿದ್ದ.

“ಏಯ್, ದೇವ್ರು ಬಂದವ್ರೆ! ಕಾಲು ಜೋಪಾನ ದೇವ್ರೇ, ಇರುವೆ ಕಚ್ಚೀತು!”

ಒಂದು ಬೆಳಿಗ್ಗೆ ಚಿಕ್ಕಪ್ಪ ಗೊಟ್ಟಿಗೆರೆಗೆ ಹೋಗಿದ್ದ, ಗರಡಿ ಎರಡು ದಿನದಿಂದ ಮುಚ್ಚಿತ್ತು. ನಾನು ಕೊಟ್ಟಿಗೆಯ ಕಡೆಯಿಂದ ಒಳಗೆ ನುಗ್ಗಿದೆ. ಮಟ್ಟಿ ಅಗೆದಿರಲಿಲ್ಲ, ನೀರು ಹಾಕಿರಲಿಲ್ಲ, ಮೇಲ್ಪದರ ಒಣಗಿ ಹೆಂಟೆಗಟ್ಟಿತ್ತು. ಅದು ನನಗೆ ಕಾಣಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಂಡಿತು, ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಕೆಂಚಣ್ಣ ನಲವತ್ತು ಬಸ್ಕಿಯಿಂದ ಸಾಮು ಶುರು ಮಾಡುತ್ತಿದ್ದ, ನಾನೂ ನಲವತ್ತು ಹೊಡೆದೆ. ಜೀವನದಲ್ಲಿ ಅದಕ್ಕೆ ಮೊದಲು ಒಂದೂ ಹೊಡೆದವನಲ್ಲ. ತೊಡೆ ಗಡಗಡ ನಡುಗುತ್ತಿರುವಾಗಲೇ ಪಕ್ಕದ ಮೋಟುಗೋಡೆ ಹತ್ತಿ, ತೊಡೆ ತಟ್ಟಿ, ಮಟ್ಟಿಗೆ ಹಾರಿದೆ. ಬಲಪಾದ ಒಂದು ಹೆಂಟೆಯ ಮೇಲೆ ಬಿದ್ದು ಒಳಕ್ಕೆ ಮಗುಚಿತು. ಹಸಿ ಕಡ್ಡಿ ಮುರಿದಂಥ ಸದ್ದು ಕೇಳಿಸಿತು. ಚಿಕ್ಕಪ್ಪನ ನಾಲ್ಕು ನೇಮಗಳಲ್ಲಿ ಎರಡನ್ನು ಒಂದೇ ಏಟಿಗೆ ಮುರಿದಿದ್ದೆ. ಕೈ ಹಾಕಲು ಎದುರಾಳಿಯಿರಲಿಲ್ಲ, ಗಾಳಿಗೆ ಕೂರಲು ಹೊರಗೆ ಹೋಗುವ ಶಕ್ತಿಯಿರಲಿಲ್ಲ.

ಆ ದಿನ ನಮ್ಮ ಮನೆಯಲ್ಲಿ ಎದ್ದ ಗದ್ದಲವನ್ನು ಬರೆಯಲಾರೆ. ಅಜ್ಜಿ ನನ್ನನ್ನು ಬಯ್ಯಲಿಲ್ಲ, ಚಿಕ್ಕಪ್ಪನನ್ನು ಬೈದಳು. ಸಂಜೆ ವಾಪಸು ಬಂದ ಚಿಕ್ಕಪ್ಪ ಕಾಲನ್ನು ಮಡಿಲಲ್ಲಿಟ್ಟುಕೊಂಡು, ಬಿಸಿ ಎಣ್ಣೆ ಹಚ್ಚಿ, ಎಳೆದು ನೀವಿದ. ದೊಡ್ಡ ಪೈಲ್ವಾನರಿಗೆ ನೀವುವ ಹಾಗೆಯೇ ನೀವಿದ. ಬೆಳಗಾಗುವಷ್ಟರಲ್ಲಿ ಗಿಣ್ಣು ಗುಂಡು ಬದನೆಕಾಯಿಯ ಹಾಗೆ ಊದಿ ಅದೇ ಬಣ್ಣಕ್ಕೆ ತಿರುಗಿತ್ತು. ಜಗಲಿಯಲ್ಲಿ ಅದಾಗಲೇ ಯಾರೋ ಸೊಂಟ ಹಿಡಿದುಕೊಂಡವರು ಮಲಗಿದ್ದರು. ಅವ್ವ ಅವರನ್ನು ಏನು ಹೇಳಿ ಕಳಿಸಿದಳೋ ಗೊತ್ತಿಲ್ಲ. ಉಳುಕು ತೆಗೆಯುವವನಿಗೇ ಉಳುಕಾಗಿದೆ ಎಂಬ ಸುದ್ದಿ ಮಧ್ಯಾಹ್ನದೊಳಗೆ ಬಾವಿಕಟ್ಟೆ ತಲುಪಿತು. ಅಲ್ಲಿ ಎಲ್ಲರೂ ನಕ್ಕರಂತೆ.

ಅಜ್ಜಿ ಎರಡು ದಿನ ಯೋಚಿಸಿದಳು. ಕಾಲು ಮುಂದಾಗಿ ಹುಟ್ಟಿದವನ ಕಾಲಿನ ಉಳುಕನ್ನು ಅಂಥವರೇ ಇನ್ನೊಬ್ಬರು ತೆಗೆಯಬೇಕು, ಊರಿನಲ್ಲಿ ಇನ್ನೊಬ್ಬರಿಲ್ಲ. ಮೂರನೇ ದಿನ ಎಲ್ಲರೂ ಹೊಲಕ್ಕೆ ಹೋದ ಮೇಲೆ ನಡುಮನೆಯ ಬಾಗಿಲು ಹಾಕಿಕೊಂಡು ಅಕ್ಕನನ್ನು ಕರೆದಳು. ಇಲ್ಲಿಂದ ಮುಂದಿನದೇ ನನ್ನ ಅನುಮಾನದ ಜಾಗ.

“ಬಾರೇ ಇಲ್ಲಿ. ಇವನ ಕಾಲಿಗೆ ಬಲಗಾಲಲ್ಲಿ ಮೂರು ಸಲ ಒದಿ.”

“ನಾನ್ಯಾಕಜ್ಜಿ?”

“ನೀನೇ ಕಣೇ.”

“ಅದೇ, ನಾನ್ಯಾಕೆ?”

“ಬಾಯಿ ಮುಚ್ಕೊಂಡು ಒದಿಯೇ ಅಂದ್ರೆ!”

ಅಕ್ಕ ಸ್ವಲ್ಪ ಹೊತ್ತು ಅಜ್ಜಿಯ ಮುಖ ನೋಡುತ್ತ ನಿಂತಿದ್ದಳು. ನಾನು ಕಣ್ಣು ಮುಚ್ಚಿದೆ. ತಣ್ಣಗೇನೋ ತಾಗಿತು. ಕಣ್ಣು ಬಿಟ್ಟಾಗ ಅಕ್ಕ ನನ್ನ ಪಾದದ ಹತ್ತಿರ ಕೂತಿದ್ದಳು. ಹಂಡೆಯ ಪಕ್ಕದ ಮಣ್ಣಿನ ಮಡಕೆಯ ನೀರಿನಲ್ಲಿ ಅದ್ದಿದ ಹಳೇ ಸೀರೆಯ ತುಂಡನ್ನು ಗಿಣ್ಣಿನ ಸುತ್ತ ಸುತ್ತುತ್ತಿದ್ದಳು.

“ಬೆಂಕಿ ಬಿದ್ದಂಗಿದೆ ಕಾಲು. ಇದಕ್ಕೆ ಬಿಸಿ ಎಣ್ಣೆ ಹಾಕಿ ತಿಕ್ಕವ್ರೆ. ಒದ್ರೆ ಊತ ಇಳೀತದಾ ಅಜ್ಜಿ?”

ಆ ಮನೆಯಲ್ಲಿ ಅಜ್ಜಿ ಉತ್ತರ ಕೊಡದೆ ಎದ್ದು ಹೋದದ್ದನ್ನು ನಾನು ಮೊದಲ ಬಾರಿ ನೋಡಿದ್ದು ಆಗ. ಇಷ್ಟನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ.

ಆ ದಿನದಿಂದ ನನ್ನ ಕಾಲು ಅಕ್ಕನ ಕೈಗೆ ಬಂತು. ಅವಳಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ಹಿಂದಿನ ವರ್ಷ ನಮ್ಮ ಕರುವೊಂದು ಕಾಲುವೆಗೆ ಬಿದ್ದು ಕಾಲು ಉಳುಕಿಸಿಕೊಂಡಾಗ ಅವ್ವ ಅದನ್ನು ಕಟ್ಟಿಹಾಕದೆ, ಓಡಲೂ ಬಿಡದೆ, ಒದ್ದೆ ಗದ್ದೆಯ ಮೆತ್ತನೆ ಮಣ್ಣಿನಲ್ಲಿ ದಿನಾ ಇಷ್ಟಿಷ್ಟು ನಡೆಸಿದ್ದಳು. ಅಕ್ಕನ ವೈದ್ಯಶಾಸ್ತ್ರ ಅಷ್ಟೇ. ಮೊದಲ ಕೆಲವು ದಿನ ಕಾಲನ್ನು ರಾಗಿ ಮೂಟೆಯ ಮೇಲೆ ಏರಿಸಿಟ್ಟು ತಣ್ಣೀರು ಬಟ್ಟೆ. ಊತ ಇಳಿಯುತ್ತಿದ್ದಂತೆ ಅವಳು ಒಂದು ಉಪಾಯ ಹೂಡಿದಳು. ನಾನು ಅಂಗಾತ ಮಲಗಿ, ಹೆಬ್ಬೆರಳಿನಿಂದ ಗಾಳಿಯಲ್ಲಿ ವರ್ಣಮಾಲೆ ಬರೆಯಬೇಕು. ಮಂಡಿ ಅಲುಗಬಾರದು, ಪಾದ ಮಾತ್ರ ಆಡಬೇಕು. ನಮ್ಮ ಅಕ್ಷರಗಳು ದುಂಡಗಾಗಿದ್ದು ತಾಳೆಗರಿ ಹರಿಯದಿರಲಿ ಎಂದು, ಹಾಗಂತ ತಿಳಿದವರು ಹೇಳುತ್ತಾರೆ. ನನಗೆ ಕೇಳಿದರೆ ಉಳುಕಿದ ಪಾದವನ್ನು ಎಲ್ಲ ದಿಕ್ಕಿಗೂ ತಿರುಗಿಸಲು ಅವುಗಳಿಗಿಂತ ಒಳ್ಳೆಯ ಸಾಧನವಿಲ್ಲ. ‘ಠ’ ಸುಲಭವಾಗಿ ಬಂತು. ‘ಈ’ ಬರೆಯುವಾಗ ಕೊನೆಯ ಸುಳಿಯಲ್ಲಿ ಪ್ರಾಣ ಹೋಗುತ್ತಿತ್ತು. ‘ಋ’ ಎಷ್ಟೋ ದಿನ ಅರ್ಧಕ್ಕೇ ನಿಲ್ಲುತ್ತಿತ್ತು.

“ಇದೇನೋ ಇದು? ಋಷಿಗೆ ಗಡ್ಡವೇ ಇಲ್ಲ! ಇನ್ನೊಂದ್ಸಲ ಬರಿ.”

“ನೋಯ್ತದೆ ಕಣಕ್ಕ.”

“ನೋಯೋ ಜಾಗ ಮುಟ್ಟಿ ವಾಪಸ್ ಬಾ ಅಂದೆ. ಅಲ್ಲೇ ಮನೆ ಕಟ್ಕೋ ಅಂದ್ನಾ?”

ಇದಾದ ಮೇಲೆ ಕಂಬ ಹಿಡಿದು ಒಂಟಿಕಾಲಿನಲ್ಲಿ ನಿಲ್ಲುವುದು. ಆಮೇಲೆ ಬಂದದ್ದು ಹೊಸ್ತಿಲು. ಪಾದದ ಮುಂಭಾಗವನ್ನು ಒಂದು ಎತ್ತರದ ಅಂಚಿನ ಮೇಲಿಟ್ಟು, ಹಿಮ್ಮಡಿಯನ್ನು ಗಾಳಿಯಲ್ಲಿ ಬಿಟ್ಟು, ಮೇಲಕ್ಕೆ ಏಳಬೇಕು, ಮೆಲ್ಲಗೆ ಕೆಳಕ್ಕೆ ಇಳಿಯಬೇಕು. ಎರಡೂ ಕೈಗೆ ಹಿಡಿಯಲು ಏನಾದರೂ ಬೇಕು. ನಮ್ಮ ಮನೆಯಲ್ಲಿ ಅಂಚೂ ಹಿಡಿಕೆಯೂ ಒಟ್ಟಿಗೆ ಇದ್ದ ಜಾಗ ಒಂದೇ, ತಲೆಬಾಗಿಲು. ಹೊಸ್ತಿಲನ್ನು ದಾಟಬೇಕೇ ಹೊರತು ಅದರ ಮೇಲೆ ನಿಲ್ಲಬಾರದು ಎಂಬುದನ್ನು ಮಾತು ಕಲಿಯುವ ಮೊದಲೇ ಕಲಿತಿದ್ದ ಮಕ್ಕಳು ನಾವು. ಅಕ್ಕ ನನ್ನನ್ನು ಅರಿಸಿನ ಕುಂಕುಮದ ಮೇಲೆಯೇ ನಿಲ್ಲಿಸಿದಳು. ಅಡುಗೆಮನೆಯಿಂದ ಬಂದ ಅಜ್ಜಿ ಅದನ್ನು ಕಂಡು ಕಿರುಚಿದಳು.

“ಲಕ್ಷ್ಮಿ ಬರೋ ಜಾಗ ಕಣೇ ಅದು! ಇಳಿಸೇ ಅವನ್ನ!”

“ಬರ್ಲಿ ಅಜ್ಜಿ, ಯಾರು ಬೇಡ ಅಂದ್ರು? ಇವನು ಸ್ವಲ್ಪ ಜರುಗಿ ಜಾಗ ಕೊಡ್ತಾನೆ.”

ಅಪ್ಪ ಜಗಲಿಯಲ್ಲಿ ಕೆಮ್ಮಿದ. ಆ ಕೆಮ್ಮು ನಗುವಿನಂತೆ ಕೇಳಿಸಿತು ಎಂದು ನಾನು ಬಹಳ ಕಾಲ ನಂಬಿದ್ದೇನೆ. ಅಜ್ಜಿ ಅವತ್ತು ಊಟ ಬಿಟ್ಟಳು. ಆದರೆ ಕೆಲವು ದಿನಗಳಲ್ಲಿ ನಾನೊಂದು ಗಮನಿಸಿದೆ. ಬೆಳಕು ಹರಿಯುವ ಮೊದಲೇ ಹೊಸ್ತಿಲು ತೊಳೆದು ಅರಿಸಿನ ಹಚ್ಚುತ್ತಿದ್ದವಳು ಈಗ ನನ್ನ ಏಳುಬೀಳು ಮುಗಿದ ಮೇಲೆ ಹಚ್ಚುತ್ತಿದ್ದಳು. ಮೊದಲ ದಿನ ಆರು ಸಲ ಎದ್ದಿದ್ದೆ. ಮರುದಿನ ಎಂಟು. ಒಂಬತ್ತಕ್ಕೆ ಅಕ್ಕ ಬಿಡಲಿಲ್ಲ. ಒಂದು ಬೆಳಿಗ್ಗೆ ಚಿಕ್ಕಪ್ಪ ಬಾಗಿಲ ಹೊರಗೆ ನಿಂತು ಅವಳ ಎಣಿಕೆಯನ್ನು ಕೇಳಿಸಿಕೊಂಡು, “ದಿನಕ್ಕೆ ಎರಡಾ?” ಎಂದ. “ನಿನ್ನ ಲೆಕ್ಕಾನೇ ಚಿಕ್ಕಪ್ಪ,” ಎಂದಳು ಅಕ್ಕ. ಅವನು ತಲೆ ತಗ್ಗಿಸಿ ನನ್ನ ಗಿಣ್ಣನ್ನು ಮುಟ್ಟಿ ನೋಡಿದ. “ನಾನವತ್ತು ತಿಕ್ಕಬಾರದಿತ್ತು,” ಎಂದ. ದೊಡ್ಡವರೊಬ್ಬರು ತಪ್ಪೊಪ್ಪಿಕೊಂಡದ್ದನ್ನು ಆ ಮನೆಯಲ್ಲಿ ನಾನು ಕೇಳಿದ್ದು ಅದೊಂದೇ ಸಲ. ಆಮೇಲೆ ಅವನೇ ಒಂದು ಮಾತು ಕೊಟ್ಟ: ಬಲಗಾಲೊಂದರ ಮೇಲೆ ಅಲುಗಾಡದೆ ನಿಂತು, ಮೂವತ್ತು ಎಣಿಸಿ ತೋರಿಸಿದರೆ ಮಟ್ಟಿಗೆ ಇಳಿಸುತ್ತೇನೆ.

ಮೂವತ್ತು ಎಣಿಸಿ ತೋರಿಸಿದ ಮಾರನೇ ದಿನವೇ ಕೆಂಚಣ್ಣ ಜಗಲಿಗೆ ಬಂದ. ಗೋಡೆ ಹಿಡಿದುಕೊಂಡು, ಹುಣಸೆ ಬರಲಿನ ಹಾಗೆ ಬಗ್ಗಿ ಬಂದ. ಭಾನುವಾರ ಅವನಿಗೆ ಕುಸ್ತಿ ನಿಗದಿಯಾಗಿತ್ತು. ಅಜ್ಜಿಗೆ ನನ್ನ ಕಾಲು ನೆಟ್ಟಗಾದ ಮೇಲಿನ ಮೊದಲ ಗಿರಾಕಿ, ಮುಖ ಅರಳಿತು. ಬೋರಲು ಬಿದ್ದ ಬೆನ್ನಿನ ಪಕ್ಕ ನನ್ನನ್ನು ನಿಲ್ಲಿಸಿ “ಬಲಗಾಲು ಕಣ್ಲಾ,” ಎಂದಳು. ಮಂಡಿ ಮಡಚಲು ಹೋದವನು ಹಾಗೆಯೇ ನಿಂತೆ.

“ಒದೆಯಲ್ಲ.”

“ಏನಂದೆ?”

“ಒದೆಯಲ್ಲ ಅಜ್ಜಿ. ಕೆಂಚಣ್ಣ, ನೀನು ಭಾನುವಾರ ಮಟ್ಟಿಗೆ ಇಳೀಬೇಡ. ಮೈ ಕಾಯಿಸದೆ ಗುಂಡುಕಲ್ಲು ಎತ್ತಿದ್ದೀಯ, ನಿನ್ನೆ ನಾನೇ ನೋಡ್ದೆ. ಸುಮ್ನೆ ಮನೇಲಿರು, ಮೆಲ್ಲಗೆ ಓಡಾಡು. ಹೋಯ್ತದೆ.”

“ಅಯ್ಯಯ್ಯೋ, ದೇವ್ರು ಮಾತಾಡ್ಬಿಡ್ತಲ್ಲಜ್ಜಿ!” ಎಂದ ಕೆಂಚಣ್ಣ ನೆಲಕ್ಕೆ ಮೂಗು ಒತ್ತಿಕೊಂಡೇ. “ಒದಿ ದೇವ್ರೇ, ನಿನ್ನ ದಮ್ಮಯ್ಯ. ಇನ್ಮೇಲೆ ಇರುವೆ ಅನ್ನಲ್ಲ.”

“ಒದಿಯೋ,” ಎಂದಳು ಅಜ್ಜಿ. “ಹುಟ್ಟಿನಿಂದ ಬಂದಿದ್ದು. ಬೇಡ ಅನ್ನೋಕೆ ನೀನ್ಯಾವನೋ? ಆ ಕಾಲು ಊರಿಂದು ಅಂತ ಎಷ್ಟು ಸಲ ಹೇಳಿದ್ದೀನಿ?”

“ಊರಿಂದಾಗಿದ್ರೆ ಉಳುಕಿದಾಗ ಊರೇ ನೋವು ತಿನ್ನಬೇಕಿತ್ತು. ನಾನು ತಿಂದೆ. ನನ್ನ ಕಾಲು ನಂದು.”

ಇಷ್ಟು ಚೆನ್ನಾಗಿ ಹೇಳಿದೆನೋ, ಅಥವಾ ಇಷ್ಟು ವರ್ಷ ಮನಸ್ಸಿನಲ್ಲಿ ಹೇಳಿಕೊಂಡು ಹೇಳಿಕೊಂಡು ಮಾತು ನಯವಾಗಿದೆಯೋ ತಿಳಿಯದು. ಆದರೆ ಒದೆಯಲಿಲ್ಲ, ಅದು ನಿಜ. ಮುಂದೆಂದೂ ಯಾರನ್ನೂ ಒದೆಯಲಿಲ್ಲ. ಅಷ್ಟರಲ್ಲಿ ಒಳಗೆ ರಾಗಿ ಬೀಸುವ ಕಲ್ಲಿನ ಸದ್ದು ನಿಂತು, ಅಕ್ಕನ ದನಿ ಬಂತು.

“ಅವನ ಕಾಲು ಅವಂದೇ ಅಜ್ಜಿ. ನಿಂಗೆ ಗೊತ್ತಲ್ಲ.”

ಅಜ್ಜಿ ಜಗಲಿಯ ಮೇಲೆ ಕೂತುಬಿಟ್ಟಳು. ಕೆಂಚಣ್ಣ ಗೊಣಗುತ್ತ ಎದ್ದು ಹೋದ. ಭಾನುವಾರದ ಕುಸ್ತಿಗೆ ಹೋಗಲಿಲ್ಲ. ಆ ವಾರದೊಳಗೆ ನೆಟ್ಟಗಾದ. ನಾನು ಒದ್ದಿದ್ದರೂ ಅಷ್ಟರೊಳಗೆ ನೆಟ್ಟಗಾಗುತ್ತಿದ್ದ. ನಾನು ಮಟ್ಟಿಗೆ ಇಳಿದ ಬೆಳಿಗ್ಗೆ ಪಕ್ಕದಲ್ಲಿ ಮಂಡಿಯೂರಿ ನನಗಾಗಿ ಕಲ್ಲು ಹುಡುಕಿದವನು ಅವನೇ. ಗರಡಿಯೊಳಗೆ ಹೆಣ್ಣುಮಕ್ಕಳು ಕಾಲಿಡುವಂತಿರಲಿಲ್ಲ. ನಾನು ನಿಲ್ಲುತ್ತಿದ್ದ ಕಿಟಕಿಯ ಹೊರಗೆ ಅವತ್ತು ಅಕ್ಕ ನಿಂತಿದ್ದಳು. ನನಗೆ ಮೈಯೆಲ್ಲ ಕಣ್ಣಾಗಿದ್ದ ಆ ಗಳಿಗೆಯಲ್ಲೂ ಅವಳ ಮುಖವನ್ನು ಸರಿಯಾಗಿ ನೋಡಬೇಕು ಎಂದು ಹೊಳೆಯಲಿಲ್ಲ. ನನಗೆ ನಾಚಿಕೆ ತರುವ ಮರೆವು ಅದೊಂದೇ.

ಅಕ್ಕ ಅವತ್ತು ಅಜ್ಜಿಗೆ ‘ನಿಂಗೆ ಗೊತ್ತಲ್ಲ’ ಅಂದ ಮಾತಿನ ಅರ್ಥ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಜ್ಜಿ ಹೋಗಿಯಾಗಿತ್ತು. ಜರಗನಹಳ್ಳಿಯ ಹೊಲಗಳು ಮನೆಗಳಾಗಿದ್ದವು. ಅವ್ವ ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತ, ಹವಾಮಾನದ ಮಾತಾಡುವಷ್ಟೇ ಸಲೀಸಾಗಿ ಹೇಳಿದಳು.

“ಕಾಲು ಮುಂದಾಗಿ ಹುಟ್ಟಿದ್ದು ನೀನಲ್ಲ ಕಣೋ. ನಿಮ್ಮಕ್ಕ. ಸೂಲಗಿತ್ತಿ ನನ್ನ ಆಸೆ ಬಿಟ್ಟಿದ್ಲು. ಆ ಭಯಕ್ಕೇ ನಿನ್ನ ಹೆರಿಗೆಗೆ ಆಸ್ಪತ್ರೆಗೆ ಹೋಗಿದ್ದು. ಹೆಣ್ಣು ಹಂಗೆ ಹುಟ್ಟಿದ್ರೆ ಹೋದ ಮನೆಗೆ ಆಗಲ್ಲ ಅಂತಾರೆ. ನಾಳೆ ಯಾರು ಮದುವೆ ಆಗ್ತಾರೆ? ಗಂಡಸ್ರು ಹೆಣ್ಣುಮಗು ಕಾಲ ಕೆಳಗೆ ಮಲಗ್ತಾರಾ? ಈ ಮನೇಲಿ ಅಂಥ ಮಗು ಹುಟ್ಟಿದೆ ಅಂತ ಊರಿಗೆ ಗೊತ್ತಾಗೋಗಿತ್ತು. ನೀನು ಹುಟ್ಟಿದ್ಮೇಲೆ ನಿಮ್ಮಜ್ಜಿ ಅಕ್ಕ ಅಲ್ಲ, ಇವನೇ ಅಂತ ಆ ಹೆಸರನ್ನ ನಿನ್ನ ತಲೆಗೆ ಕಟ್ಟಿದ್ರು. ಆಸ್ಪತ್ರೇಲಿ ನೋಡಿದ ಊರೋರು ಯಾರಿದ್ರು?”

ಅಕ್ಕನನ್ನು ಕೇಳಿದೆ. ಅವಳಿಗೀಗ ಎಪ್ಪತ್ತು ದಾಟಿದೆ. ಇಂದಿಗೂ ಬೆಳಗ್ಗೆ ತನ್ನ ಮನೆಯ ಹೊಸ್ತಿಲ ಮೇಲೆ ನಿಂತು ಬಾಗಿಲವಾಡ ಹಿಡಿದು ಹಿಮ್ಮಡಿ ಎತ್ತಿ ಇಳಿಸುತ್ತಾಳೆ. ಅವಳ ಮಂಡಿ, ಗಿಣ್ಣುಗಳು ನನ್ನವಕ್ಕಿಂತ ಚೆನ್ನಾಗಿವೆ. ಅವತ್ತು ನನ್ನ ಕಾಲು ಒದ್ದೆಯಾ ಎಂದರೆ ನಗುತ್ತಾಳೆ.

“ನೀನಲ್ವೇನೋ ಪ್ರೊಫೆಸರು? ನೀನೇ ಕಂಡುಹಿಡಿ.”

ಅದನ್ನು ಕಂಡುಹಿಡಿಯಲು ಆಗಲಿಲ್ಲ. ಅವ್ವನ ಮಾತನ್ನೂ ಸುಮ್ಮನೆ ಒಪ್ಪಲಿಲ್ಲ. ಅವರೆಕಾಯಿ ಸುಲಿಯುವ ಆ ಹೊತ್ತಿಗೆ ಅವಳ ನೆನಪು ಮಸುಕಾಗಿತ್ತು, ನನ್ನನ್ನು ಆಗಾಗ ಚಿಕ್ಕಪ್ಪನ ಹೆಸರಿನಿಂದ ಕರೆಯುತ್ತಿದ್ದಳು. ಅವಳು ತೀರಿಕೊಂಡ ಮೇಲೆ ತಗಡಿನ ಪೆಟ್ಟಿಗೆಯ ತಳದಲ್ಲಿ, ಮದುವೆಯ ಸೀರೆಯ ಮಡಿಕೆಯೊಳಗೆ, ಹೆರಿಗೆ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಕೊಟ್ಟ ಚೀಟಿ ಸಿಕ್ಕಿತು. ಅವಳ ಹೆಸರು, ಊರು, ಗಂಡು ಮಗು, ನಾನು ಹುಟ್ಟಿದ ದಿನ, ಎಲ್ಲವೂ ನನ್ನ ಶಾಲೆಯ ದಾಖಲೆಗೆ ಹೊಂದುತ್ತವೆ. ಕೆಳಗೆ ಇಂಗ್ಲಿಷಿನಲ್ಲಿ ಗೀಚಿದ ಒಂದು ಸಾಲನ್ನು ಇಬ್ಬರು ವೈದ್ಯರಿಗೆ, ಒಬ್ಬರಿಗೆ ಗೊತ್ತಾಗದಂತೆ ಇನ್ನೊಬ್ಬರಿಗೆ, ಓದಲು ಕೊಟ್ಟೆ. ಇಬ್ಬರೂ ಒಂದೇ ಓದಿದರು: ಸಹಜ ಹೆರಿಗೆ, ತಲೆ ಮುಂದು.